ರೇಷ್ಮೆಮನೆಯ ಬಂಡೆ

ಬಂಡೆ ವಡೆಯ ಹಾಗೆ ಕಾಣುತ್ತಿದೆ ಎಂದು ದೇವರಾಜು ಎರಡನೆಯ ಸಲ ಹೇಳಿದಾಗ ಮೌನೇಶನ ಕೈ ಬೋಸಿಯೊಳಗೇ ನಿಂತುಬಿಟ್ಟಿತು. ಎರಡು ದಿನ ನೆನೆಸಿ ರುಬ್ಬಿದ ಹಳೇ ಪೇಪರು, ಮೈದಾ ಅಂಟು, ಒಲೆಯ ಬೂದಿ ಎಲ್ಲ ಸೇರಿ ಬೆರಳ ಸಂದಿಯಲ್ಲಿ ತಣ್ಣಗೆ ಜಾರುತ್ತಿತ್ತು. ಮುಷ್ಟಿ ಬಿಗಿದರೆ ಹೊರಕ್ಕೆ ಚಿಮ್ಮುತ್ತದೆ, ಎಸೆದರೆ ಗೋಡೆಗೆ ಅಂಟಿಕೊಳ್ಳುತ್ತದೆ, ಎದುರಿಗೆ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರುವ ಈ ಮನುಷ್ಯನ ಬಿಳೀ ಬನಿಯನ್ನಿಗೂ ಅಂಟಿಕೊಳ್ಳುತ್ತದೆ. ಆದರೆ ಅವನು ಅಂದದ್ದು, "ಒಣಗಿದ ಮೇಲೆ ಸರಿಯಾಯ್ತದೆ ಸಾರ್." ಅಂದ ಮೇಲೆ ತನ್ನ ದನಿ ತನಗೇ ಹೇಸಿಗೆ ಹುಟ್ಟಿಸಿತು. ಒಣಗಿದ ಮೇಲೆ ಸರಿಯಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಪೇಪರಿನ ಬಂಡೆ ಒಣಗಿದರೆ ಇನ್ನಷ್ಟು ಉಬ್ಬಿ ವಡೆಯೇ ಆಗುತ್ತದೆ.

ಪಾಂಡವಪುರದ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದ ಅವನನ್ನು ಈ ಕೆಲಸಕ್ಕೆ ಕಳಿಸಿದವನು ಶಾಲೆಯ ಸೆಕ್ರೆಟರಿ ತಿಮ್ಮರಾಜು. "ನಮ್ ಭಾವ ಮನೇಲಿ ರೈಲು ಮಾಡ್ತಾವ್ರೆ, ಭಾನುವಾರ ಹೋಗಿ ಒಂದು ಬೆಟ್ಟ ಕಟ್ಕೊಟ್ಟು ಬಾ" ಎಂದಿದ್ದ, ಬಾಗಿಲ ಚಿಲಕ ಸರಿಮಾಡಿ ಬಾ ಎನ್ನುವಷ್ಟೇ ಸಲೀಸಾಗಿ. ಭಾವ ಅಂದರೆ ದೇವರಾಜು. ರೈಲು ದಾರಿ ಅಗಲ ಮಾಡುವಾಗ ಕಂಟ್ರಾಕ್ಟರ ಕೈಕೆಳಗೆ ಸೂಪರ್‌ವೈಸರ್ ಆಗಿದ್ದವನು. ಈಗ ಮಂಡಿ ನೋವು ಹಿಡಿದು ಮನೆಯಲ್ಲಿ ಕೂತಿದ್ದ. ಹುಳ ಸಾಕುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ರೇಷ್ಮೆಮನೆಯಲ್ಲಿ ತಟ್ಟೆ ಜೋಡಿಸುವ ಸ್ಟ್ಯಾಂಡುಗಳ ಮೇಲೆ ಪ್ಲೈವುಡ್ ಹಾಸಿ, ಬೊಂಬಾಯಿಯಿಂದ ತರಿಸಿದ ಹಳಿಗಳನ್ನು ಸುತ್ತಲೂ ಜೋಡಿಸಿದ್ದ. ಸ್ವಿಚ್ಚು ಒತ್ತಿದರೆ ಗೇಣುದ್ದದ ಇಂಜಿನ್ನು ನಾಲ್ಕು ಡಬ್ಬಿಗಳನ್ನು ಎಳೆದುಕೊಂಡು ಕಿರ್ರೆಂದು ಓಡುತ್ತಿತ್ತು. ಗೋಡೆಯ ಸುಣ್ಣದಲ್ಲಿ ಇನ್ನೂ ಹಿಪ್ಪುನೇರಳೆ ಸೊಪ್ಪಿನ ಮುಗ್ಗಲು ವಾಸನೆಯಿತ್ತು. ಮೊದಲನೆಯ ಭಾನುವಾರವೇ ದೇವರಾಜು ಹೇಳಿದ್ದ: "ಯಾವುದೋ ಬೆಟ್ಟ ಬೇಡ ಕಣಯ್ಯ. ನಮ್ ಕಟಿಂಗ್ ಮಾಡು. ಬಂಡೆ ಸೀಳಿ ದಾರಿ ಮಾಡಿದ್ವಲ್ಲ, ಅದು. ಅಲ್ಲಿ ನೀನೂ ಇದ್ದೆ, ನಾನೂ ಇದ್ದೆ. ನಿನಗಿಂತ ಚೆನ್ನಾಗಿ ಆ ಕಲ್ಲು ಯಾರಿಗೆ ಗೊತ್ತು?"

ಹೌದು, ಯಾರಿಗೆ ಗೊತ್ತು. ಆ ಕಟಿಂಗಿನಲ್ಲಿ ಮೌನೇಶ ಮರದ ಕೆಲಸಕ್ಕಿದ್ದ, ಅವನ ಅಣ್ಣ ರಾಮಚಂದ್ರ ಬಂಡೆ ಕೊರೆಯುವವರ ಚಾಣ ಕಾಯಿಸಿ ಹರಿತ ಮಾಡುವ ಕುಲುಮೆ ಇಟ್ಟುಕೊಂಡಿದ್ದ. ತೊಂಬತ್ತೆರಡನೇ ಇಸವಿಯಲ್ಲಿ ಒಂದು ದಿನ ಬಂಡೆಗೆ ಮದ್ದು ಹಾರಿಸಿದಾಗ ಕುಲುಮೆಯ ಮುಂದೆ ಕೂತಿದ್ದ ರಾಮಚಂದ್ರ ಕೂತಲ್ಲೇ ಹೋದ. ಆರು ವರ್ಷದ ನಂತರ, ಅದೇ ಬಂಡೆಯನ್ನು ಮೈದಾ ಹಿಟ್ಟಿನಲ್ಲಿ ಮಾಡಿಕೊಡು ಎಂದು ಕೇಳುವಾಗ ಈ ಮನುಷ್ಯನ ಮುಖದಲ್ಲಿ ಒಂದು ನರವೂ ಅಲುಗಲಿಲ್ಲ. ಮರೆತಿದ್ದಾನೆ ಅಂದುಕೊಂಡರೂ ಸಿಟ್ಟು ಬರುತ್ತಿತ್ತು, ನೆನಪಿಟ್ಟುಕೊಂಡೇ ಕೇಳಿದ್ದಾನೆ ಅಂದುಕೊಂಡರೂ ಸಿಟ್ಟು ಬರುತ್ತಿತ್ತು. ಆಗದು ಅನ್ನುವ ಒಂದು ಮಾತಿಗಾಗಿ ಮೌನೇಶ ಬಾಯಿ ತೆರೆದಿದ್ದ. ತೆರೆದ ಬಾಯಿಂದ ಬಂದದ್ದು, "ಹಳೇ ಚಂದ್ರಿಕೆ ಏನಾದ್ರೂ ಅವಾ ಸಾರ್?"

ಚಂದ್ರಿಕೆಗಳಿದ್ದವು, ಅಟ್ಟದ ಮೇಲೆ ಧೂಳು ತಿನ್ನುತ್ತ. ಹುಳ ಗೂಡು ಕಟ್ಟಲೆಂದು ಹೆಣೆದ ಆ ಬಿದಿರ ತಟ್ಟಿಗಳನ್ನು ಗರಗಸದಲ್ಲಿ ಕತ್ತರಿಸಿ, ಬಗ್ಗಿಸಿ ನಿಲ್ಲಿಸಿದಾಗ ಬೆಟ್ಟದ ಎಲುಬು ತಾನಾಗಿ ಎದ್ದಿತು. ಅದರ ಮೇಲೆ ಅಂಟಿನಲ್ಲಿ ಅದ್ದಿದ ಹಳೇ ಹತ್ತಿ ಸೀರೆ ಹೊದಿಸಿದ. ದೇವರಾಜುವಿನ ಹೆಂಡತಿ ಅಣ್ಣಮ್ಮ ಆ ಸೀರೆ ಕೊಡುವಾಗ, "ನೋಡು ಆಚಾರಿ, ಇದು ನನ್ ಬಾಣಂತನದ ಸೀರೆ, ರೈಲು ಹತ್ತುಸ್ತಾವ್ರೆ ನಿಮ್ ಸಾಹೇಬ್ರು" ಎಂದು ನಕ್ಕಿದ್ದಳು. ಶಾಲೆಯಲ್ಲಿ ಮಕ್ಕಳು ಅವನನ್ನು ಸಾರ್ ಎನ್ನುತ್ತಿದ್ದರು. ಈ ಮನೆಯ ಹೊಸ್ತಿಲು ದಾಟಿದರೆ ಆಚಾರಿ. ಟೀ ಕೊಡುವಾಗ ಅವಳು, "ಲೋಟ ಎಲ್ಲ ನೀನೇ ಬಣ್ಣ ಕದಡೋಕೆ ತಗಂಡಿದೀಯ, ಇದ್ರಲ್ಲೇ ಕುಡ್ಕೊ" ಎಂದು ಡಬ್ಬದ ಮುಚ್ಚಳದಲ್ಲಿ ಸುರಿದುಕೊಟ್ಟಿದ್ದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ಅವನಿಗೆ ಇನ್ನೂ ಉರಿಯುವಂತೆ ಮಾಡಿತು. ಕೆಟ್ಟದ್ದಿದ್ದರೆ ಹಿಡಿದು ಜಗಳ ಆಡಬಹುದಿತ್ತು.

ಇವತ್ತು ನಾಲ್ಕನೆಯ ಭಾನುವಾರ. ಬೋಸಿಯನ್ನು ಪಕ್ಕಕ್ಕೆ ನೂಕಿ ಮೌನೇಶ ಎದ್ದ. ಕುರ್ಚಿಯ ಕೆಳಗೆ ದೇವರಾಜು ಸೇದಿ ಎಸೆದ ಸಿಗರೇಟು ಪ್ಯಾಕುಗಳ ಬೆಳ್ಳಿ ಹಾಳೆಗಳು ಬಿದ್ದಿದ್ದವು. ಒಂದನ್ನು ಎತ್ತಿಕೊಂಡು, ಬೇರೇನನ್ನೋ ಹಿಸುಕುವವನ ಹಾಗೆ, ಅಂಗೈಯಲ್ಲಿ ಹಿಸುಕಿ ಉಂಡೆ ಮಾಡಿದ. ಬಿಚ್ಚಿದಾಗ ಕಂಡ ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡಿದ. ಚೂಪು ಅಂಚು, ಸೀಳು, ಮೊಂಡು ಮುಖ, ಮತ್ತೆ ಸೀಳು. ಒಡೆದ ಕಲ್ಲು ಹೀಗೇ ಇರುತ್ತದೆ. ಅಂಥ ಹತ್ತು ಹಾಳೆಗಳನ್ನು ಹಿಸುಕಿ, ಬಿಚ್ಚಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಸುರಿದ. ಅರ್ಧ ಗಂಟೆಯಲ್ಲಿ ಗಟ್ಟಿಯಾದ ಮೇಲೆ ಹಾಳೆ ಸುಲಿದರೆ ಅಂಗೈಯಗಲದ ಬಂಡೆ ಚಕ್ಕೆಗಳು. ಒಂದರ ಪಕ್ಕ ಒಂದು ಕೂರಿಸಿ ಸಂದಿಗೆ ಅಂಟು ತುಂಬಿದ. ತೆಳ್ಳನೆಯ ಟೀ ಡಿಕಾಕ್ಷನ್ನು ಹಚ್ಚಿದಾಗ ಬಿಳುಪು ಸತ್ತು ಮಣ್ಣಿನ ಬಣ್ಣ ಬಂತು. ದೀಪದ ಮಸಿ ಕದಡಿದ ನೀರು ಬಿಟ್ಟಾಗ ಕಪ್ಪು ಬಿರುಕುಗಳಿಗೆ ತಾನಾಗಿ ಇಳಿಯಿತು. ಒದ್ದೆ ಬಟ್ಟೆಯಲ್ಲಿ ಮೇಲೆ ಮೇಲೆ ಒರೆಸಿ, ಒಣಕುಂಚದಲ್ಲಿ ಸ್ವಲ್ಪ ರಂಗೋಲಿ ಪುಡಿ ಸವರಿದ ಮೇಲೆ, ಹತ್ತು ಹೆಜ್ಜೆ ದೂರದಿಂದ ನೋಡಿದರೆ ಅದು ಕಲ್ಲೇ. ಬಿಸಿಲಿಗೆ ಕಾದು, ಮಳೆಗೆ ತೊಳೆದು, ಮದ್ದಿಗೆ ಸೀಳಿದ ಕಲ್ಲು.

"ಹಂಗ್ ಬಾ ದಾರಿಗೆ!" ಎಂದ ದೇವರಾಜು. ಆ ಹೊಗಳಿಕೆಗೆ ತನ್ನ ಬೆನ್ನು ನೆಟ್ಟಗಾದದ್ದು ಮೌನೇಶನಿಗೆ ತಿಳಿಯಿತು. ನಾಯಿ, ಎಂದು ಬೈದುಕೊಂಡ. ಸೈಕಲ್ಲಿನ ಕಡ್ಡಿಯೊಂದನ್ನು ತಗೊಂಡು, ಇನ್ನೂ ಹಸಿಯಿದ್ದ ಚಕ್ಕೆಯೊಂದರ ಮೇಲೆ ಮೇಲಿಂದ ಕೆಳಕ್ಕೆ ಸಾಲಾಗಿ ಒತ್ತಿದ. ಮದ್ದು ತುಂಬಲು ಕೊರೆದ ತೂತುಗಳು ಬಂಡೆ ಸೀಳಿದ ಮೇಲೆ ಹೀಗೆ ಅರ್ಧ ಗೆರೆಗಳಾಗಿ ಉಳಿಯುತ್ತವೆ. ಆ ತೂತು ಕೊರೆದ ಚಾಣಗಳೆಲ್ಲ ಅಣ್ಣನ ಕುಲುಮೆಯಲ್ಲಿ ಕೆಂಪಗೆ ಕಾದವು. ಮೊಂಡಾದ ಚಾಣವನ್ನು ಬೆಂಕಿಯಿಂದ ಎತ್ತಿ, ಬಡಿದು, ನೀರಿಗೆ ಅದ್ದಿದರೆ ಸುಂಯ್ ಅನ್ನುತ್ತಿತ್ತು. ಆ ಸದ್ದಿನಲ್ಲೇ ಹದ ಬಂತೋ ಇಲ್ಲವೋ ರಾಮಚಂದ್ರ ಹೇಳುತ್ತಿದ್ದ. "ಕೇಳ್ಲಾ, ಇದು ಇನ್ನೂ ಅಳ್ತಾ ಐತೆ. ಈಗ ಕೇಳು, ಸುಮ್ಕಾಯ್ತು." ಮೌನೇಶನಿಗೆ ಎರಡೂ ಒಂದೇ ಸದ್ದು. ಅಂಥ ಕಿವಿ ಅಣ್ಣನದು. ಎರಡು ತೆಂಗಿನ ಮರದಷ್ಟು ಆಚೆಯಿಂದ "ಅಣ್ಣಾ, ಬೆಂಕಿಪಟ್ಣ" ಎಂದು ಮೆಲ್ಲಗೆ ಅಂದರೂ ತಿರುಗಿ ನೋಡದೆಯೇ ಎಸೆಯುತ್ತಿದ್ದ. ಅವತ್ತು ಬೆಳಿಗ್ಗೆಯೂ ಎಸೆದಿದ್ದ.

ತಿಮ್ಮರಾಜು ಬಂದದ್ದು ಹನ್ನೊಂದರ ಹೊತ್ತಿಗೆ, ಸ್ಕೂಟರು ಅಂಗಳದಲ್ಲಿ ಬಿಟ್ಟು, ಕೈ ಒರೆಸಿಕೊಳ್ಳುತ್ತ. ಬಾಗಿಲಲ್ಲೇ ನಿಂತು ಬಂಡೆ ನೋಡಿ, "ಅಯ್ಯೋ ಭಾವ, ಇದೇನ್ ಕಲ್ ತಂದು ಇಟ್ಬುಟ್ಟಿದೀರಾ ಅಂದ್ಕಂಡೆ! ಎಂಥಾ ಕೈ ನಿಮ್ದು" ಎಂದ. ದೇವರಾಜು ಇಲ್ಲ ಅನ್ನಲಿಲ್ಲ. ಸಿಗರೇಟು ಹಚ್ಚಿಕೊಂಡು, ಕುಂಚ ಹಿಡಿದು ನಿಂತಿದ್ದ ಮೌನೇಶನನ್ನು ಕೈಯಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಸಿ, ಬಾಮೈದನಿಗೆ ವಿವರಿಸತೊಡಗಿದ. ಇಲ್ಲಿ ಕ್ಯಾಂಪು, ಇಲ್ಲಿ ಮದ್ದಿನ ಶೆಡ್ಡು, ಇಲ್ಲಿ ಮೊದಲನೇ ಸ್ಫೋಟ. ಬಂಡೆಯ ಬುಡದಲ್ಲಿ ಉಗುರಗಲದ ಒಂದು ಮಟ್ಟಸ ಜಾಗವಿತ್ತು, ಮೇಲೆ ಸೂರಿನಂತೆ ಚಾಚಿದ ಚಕ್ಕೆ. ಯೋಚನೆಯಿಲ್ಲದೆ ಮೌನೇಶನ ಕೈ ಅದನ್ನು ಮಾಡಿಬಿಟ್ಟಿತ್ತು. ದೇವರಾಜುವಿನ ಸಿಗರೇಟು ಅಲ್ಲಿಗೆ ಬಂದು ನಿಂತಿತು.

"ಇಲ್ಲೇ ಕಣೋ ತಿಮ್ಮ, ಆ ಕಿವುಡ ಆಚಾರಿ ಕೂತಿದ್ದದ್ದು. ಇವನ ಅಣ್ಣ. ಮೂರು ಸಲ ಸೀಟಿ ಊದಿಸ್ದೆ ನಾನು. ಮೂರು ಸಲ! ಊರಿಗೆಲ್ಲ ಕೇಳ್ಸಿತು, ಅವನಿಗೆ ಕೇಳ್ಸಲಿಲ್ಲ. ಪಾಪ, ಒಳ್ಳೇ ಕೆಲಸಗಾರ. ಏನ್ ಮಾಡೋದು, ಕಿವಿ ಮಂದ." ಆಮೇಲೆ ಮೌನೇಶನ ಕಡೆ ತಿರುಗಿ, "ಅಲ್ವೇನಯ್ಯ?"

"ಹೂಂ ಸಾರ್" ಎಂದ ಮೌನೇಶ.

ತಿಮ್ಮರಾಜು ಲೊಚಗುಟ್ಟಿದ. ಯಾರೋ ಸ್ವಿಚ್ಚು ಒತ್ತಿದರು. ರೈಲು ಆ ಬಂಡೆಯ ಪಕ್ಕದಲ್ಲಿ ಹಾದುಹೋಯಿತು, ಇನ್ನೊಂದು ಸುತ್ತು ಬಂತು, ಮತ್ತೆ ಹಾದುಹೋಯಿತು. ತಿಮ್ಮರಾಜು ಅಕ್ಕನನ್ನು ಮಾತಾಡಿಸಲು ಒಳಗೆ ಹೋದ ಮೇಲೂ ಮೌನೇಶ ನಿಂತಲ್ಲೇ ನಿಂತಿದ್ದ. ಹೂಂ ಸಾರ್. ಆರು ವರ್ಷದ ಹಿಂದೆಯೂ ಇದೇ ಎರಡು ಮಾತು. ಆಗ ದೇವರಾಜು ದುಂಡಗಿನ ಅಕ್ಷರದಲ್ಲಿ ಬರೆದು ತಂದ ಕಾಗದದಲ್ಲಿ, ಸೀಟಿ ಮೂರು ಸಲ ಊದಿದ್ದನ್ನು ನಾನು ಕೇಳಿದ್ದೇನೆ, ನನ್ನ ಅಣ್ಣನಿಗೆ ಸುತ್ತಿಗೆಯ ಸದ್ದಿನಿಂದ ಕಿವಿ ಮಂದವಾಗಿತ್ತು ಎಂದಿತ್ತು. "ಓದ್ಕೊ" ಎಂದಿದ್ದ. "ಹೋದೋನು ಬರಲ್ಲ. ಇರೋ ನೀನು ನೆಲೆ ಕಾಣು. ತಿಮ್ಮರಾಜನ ಸ್ಕೂಲಲ್ಲಿ ಕ್ರಾಫ್ಟ್ ಮೇಷ್ಟ್ರು ಕೆಲಸ ಖಾಲಿ ಐತೆ." ಹನ್ನೊಂದನೆಯ ದಿನದ ಕಾರ್ಯ ಇನ್ನೂ ಆಗಿರಲಿಲ್ಲ. ತಲೆ ಬೋಳಿಸಿಕೊಂಡ ಮೌನೇಶ ಹೂಂ ಸಾರ್ ಎಂದು ಸಹಿ ಹಾಕಿದ್ದ. ಸೀಟಿ ಊದಿರಲಿಲ್ಲ. ಒಂದು ಸಲವೂ ಇಲ್ಲ. ಸೀಟಿ ಊದಬೇಕಾದ ದ್ಯಾವಯ್ಯನನ್ನು ದೇವರಾಜು ರಸ್ತೆಗೆ ಕಳಿಸಿದ್ದ, ತನ್ನ ಊಟದ ಕ್ಯಾರಿಯರ್ ತರಲು. ಇತ್ತ ಮೇಲಿನವರು ನೋಡಲು ಬರುತ್ತಾರೆಂಬ ಅವಸರದಲ್ಲಿ ಹಚ್ರೋ ಎಂದಿದ್ದ. ಬತ್ತಿಗೆ ಬೆಂಕಿ ಮುಟ್ಟಿಸಿದ್ದು ಮೌನೇಶ ಕಂಡಿದ್ದ. ಅವನ ತುಟಿಗಳ ನಡುವೆ ನಾಲ್ಕು ಮೊಳೆಗಳಿದ್ದವು, ಬಡಗಿಗಳು ಇಟ್ಟುಕೊಳ್ಳುವ ಹಾಗೆ. ಅವನ್ನು ಉಗಿದು ಅಣ್ಣಾ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಲ್ಕು ಮೊಳೆ. ನುಂಗಿಕೊಂಡಿದ್ದರೂ ಕೂಗಬಹುದಿತ್ತು.

ಆದರೆ ಇದೆಲ್ಲ ಅವನು ಹೇಗೋ ಹೊತ್ತುಕೊಂಡಿದ್ದ. ಹೊರಲಾಗದೆ ಹೋದದ್ದು ಅತ್ತಿಗೆ ನಿಂಗಮ್ಮನ ಸಂಕಟವನ್ನು. ಅಣ್ಣ ಸತ್ತ ಬೆಳಿಗ್ಗೆ, ಕಿವಿ ಸ್ವಲ್ಪ ಸೆಳೆಯುತ್ತದೆ ಎಂದನೆಂದು ಅವಳು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟು ಹತ್ತಿ ಇಟ್ಟು ಕಳಿಸಿದ್ದಳು. ಅವನಿಗೆ ಸೀಟಿ ಕೇಳಿಸಲಿಲ್ಲವಂತೆ ಎಂದು ಊರೆಲ್ಲ ಆಡಿದ ಮಾತು ಅವಳನ್ನು ಮುಟ್ಟಿದಾಗ ಆ ಹತ್ತಿ ಅವಳ ಎದೆಯಲ್ಲಿ ಬೆಂಕಿ ಹಿಡಿಯಿತು. ಮೊದಲನೇ ವರ್ಷದ ತಿಥಿಯ ದಿನ ಅಡುಗೆಮನೆಯ ಕತ್ತಲಲ್ಲಿ ತನ್ನ ಅಕ್ಕನ ಹತ್ತಿರ, "ನಾನೇ ಕಣಕ್ಕ ಕೊಂದಿದ್ದು, ನಾನೇ ಕಿವಿ ಮುಚ್ಚಿ ಕಳಿಸ್ದೆ" ಎಂದು ಅಳುತ್ತಿದ್ದುದನ್ನು ಮೌನೇಶ ಗೋಡೆಯ ಈಚೆ ನಿಂತು ಕೇಳಿದ್ದ. ಕೇಳಿ, ಎಲೆ ಹಾಕಲು ಹೋಗಿದ್ದ. ಅವತ್ತಿನಿಂದ ಐದು ವರ್ಷ ಅವಳು ಬಡಿಸಿದ ಅನ್ನ ಉಂಡಿದ್ದ. ಅವಳ ಮಗಳು ಸ್ಪಂದನ ಒಂದು ಸಲ ಅಪ್ಪ ಹೇಗೆ ಸತ್ತ ಎಂದು ಹಟ ಹಿಡಿದು ಕೇಳಿದಾಗ ನಿಂಗಮ್ಮ ಅದನ್ನೇ ಹೇಳಿಬಿಟ್ಟಳು. ಆ ಹುಡುಗಿ ಅಮ್ಮನ ಜೊತೆ ಮಾತು ಬಿಟ್ಟು ನಾಗಮಂಗಲದ ಹಾಸ್ಟೆಲಿಗೆ ಸೇರಿದಳು. ಹಾಸ್ಟೆಲಿಗೆ ಟ್ರಂಕು ಹೊತ್ತುಕೊಂಡು ಹೋಗಿ ಬಿಟ್ಟು ಬಂದವನೂ ಮೌನೇಶನೇ.

"ಏನಯ್ಯ, ಗರ ಬಡಿದಂಗೆ ನಿಂತ್ಬುಟ್ಟೆ? ಆ ಮಟ್ಟಸ ಜಾಗ ಚೆನ್ನಾಗಿಲ್ಲ. ಕೆರೆದು ತೆಗೀ, ಅಲ್ಲೊಂದು ಪೊದೆ ಕೂರಿಸು. ಹೀರೇಕಾಯಿ ನಾರು ತರಿಸ್ಲಾ?" ದೇವರಾಜು ಕೇಳುತ್ತಿದ್ದ.

"ಸೀಟಿ ಊದಲಿಲ್ಲ" ಎಂದ ಮೌನೇಶ.

"ಏನು?"

"ಅವತ್ತು ಸೀಟಿ ಊದಲಿಲ್ಲ. ದ್ಯಾವಯ್ಯ ನಿಮ್ ಊಟ ತರಾಕ್ ಹೋಗಿದ್ದ. ನಮ್ಮಣ್ಣ ಕಿವುಡ ಅಲ್ಲ." ದನಿ ಒಡೆದು ಕಿರುಚಿದಂತೆ ಬಂತು. ಒಳಗೆ ಅಣ್ಣಮ್ಮನ ಮಾತು ನಿಂತಿತು. "ಇನ್ನೊಂದ್ ಸಲ ಅವ್ನ ಕಿವುಡ ಅಂದ್ರೆ ನಾಲಿಗೆ ಕಿತ್ ಹಾಕ್ತೀನಿ."

ದೇವರಾಜು ಸಿಟ್ಟಾಗುತ್ತಾನೆ ಎಂದು ಮೌನೇಶ ಕಾದ. ಆಗಲಿಲ್ಲ. ಅವನ ಮುಖದಲ್ಲಿ ಬಂದದ್ದು ನಿಜವಾದ ಬೆರಗು. "ಊದಿತ್ತಲ್ಲಯ್ಯ. ನೀನೇ ಬರ್ಕೊಟ್ಟಿದೀಯಲ್ಲ" ಎಂದ, ಚಿಕ್ಕವರಿಗೆ ತಿಳಿಹೇಳುವ ಹಾಗೆ. ಅವನು ಸುಳ್ಳು ಹೇಳುತ್ತಿಲ್ಲ ಎಂಬುದು ಮೌನೇಶನಿಗೆ ಹೊಳೆದದ್ದು ಆಗ. ಆರು ವರ್ಷದಲ್ಲಿ ಆ ಕಾಗದವೇ ಅವನಿಗೆ ನಡೆದದ್ದಾಗಿಬಿಟ್ಟಿತ್ತು. ನೆಮ್ಮದಿಯಾಗಿ ಉಂಡು, ನಿದ್ದೆ ಮಾಡಿ, ಆಟದ ರೈಲು ತರಿಸಿಕೊಳ್ಳುವಷ್ಟು ಗಟ್ಟಿಯಾಗಿ ಅವನು ಅದನ್ನು ನಂಬಿದ್ದ, ಮತ್ತು ಆ ನೆಮ್ಮದಿಯನ್ನು ಅವನಿಗೆ ಕೊಟ್ಟವನು ತಾನು. ಹೊಡೆಯಲು ಎದ್ದ ಕೈಗೆ ಹೊಡೆಯುವ ಜಾಗ ಸಿಗಲಿಲ್ಲ. ಬಂಡೆಯನ್ನಾದರೂ ಒಡೆದು ಹಾಕೋಣವೆಂದು ಅದರ ಕಡೆ ತಿರುಗಿದ. ಸೂರಿನ ಚಕ್ಕೆಯ ಕೆಳಗೆ ಮಸಿಯ ನೆರಳು ಎಷ್ಟು ಹದವಾಗಿ ಕೂತಿತ್ತೆಂದರೆ ಕೈ ಮುಂದೆ ಹೋಗಲಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ತನ್ನ ಕೈಯ ಮೇಲೂ ಉರಿದುಕೊಂಡ.

ಬಾಗಿಲಲ್ಲಿ ತಿಮ್ಮರಾಜು ನಿಂತಿದ್ದ. "ನಾಳೆ ಸ್ಕೂಲಿಗ್ ಬರ್ಬೇಕಲ್ಲ ಮೌನೇಶ? ಮನೆಗ್ ಹೋಗಿ ಒಸಿ ಮಲಿಕ್ಕೊ. ನಿಮ್ ಅತ್ಗೆಗೆ ಇದೆಲ್ಲ ಗೊತ್ತಾದ್ರೆ ಚೆಂದಾಗಿರಲ್ಲ" ಎಂದ, ತಣ್ಣಗೆ. ಮೌನೇಶ ಅವನನ್ನು ತಳ್ಳಿಕೊಂಡೇ ಹೊರಗೆ ಬಂದ.

ಬೂದಿ ಅಂಟು ಮೊಣಕೈವರೆಗೆ ಒಣಗಿ ಬಿರುಕು ಬಿಡುತ್ತಿತ್ತು. ರಸ್ತೆಯಲ್ಲಿ ಯಾರೋ "ಏನ್ ಮೇಷ್ಟ್ರೇ, ಸುಣ್ಣ ಹೊಡೀತಿದ್ರಾ?" ಎಂದು ಕೇಳಿದರು. ಅವನು ನಿಲ್ಲಲಿಲ್ಲ. ನಿಂತರೆ ಬುದ್ಧಿ ಬಂದುಬಿಡುತ್ತದೆ ಎಂದು ಹೆದರಿ ಬಿರಬಿರನೆ ನಡೆದ. ಹೆಂಡತಿ ತವರಿಗೆಂದು ಬೆಳ್ಳೂರಿಗೆ ಹೋಗಿದ್ದಳು. ಮನೆಯಲ್ಲಿ ನಿಂಗಮ್ಮ ಒಬ್ಬಳೇ ನಡುಮನೆಯಲ್ಲಿ ಮೊರದ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಚಪ್ಪಲಿ ಬಿಡದೆಯೇ ಒಳಗೆ ಬಂದ ಮೈದುನನನ್ನು ತಲೆಯೆತ್ತಿ ನೋಡಿದಳು. ಅವನು ನಿಂತೇ ಹೇಳಿದ. ಸೀಟಿ, ಕ್ಯಾರಿಯರ್, ಬತ್ತಿ, ಬಾಯಲ್ಲಿದ್ದ ಮೊಳೆ, ಕಾಗದ, ಕೆಲಸ, ಒಂದನ್ನೂ ಬಿಡದೆ, ಬಾಯಿಪಾಠ ಒಪ್ಪಿಸುವವನ ಹಾಗೆ. ಹೇಳಿ ಮುಗಿಸಿದಾಗ ಅವಳ ಬೆರಳು ಒಂದು ಕಲ್ಲಿನ ಮೇಲೆ ನಿಂತಿತ್ತು. ಅದನ್ನು ಆರಿಸಿ ಪಕ್ಕಕ್ಕಿಟ್ಟಳು.

"ಅವ್ರಿಗೆ ಕೇಳುಸ್ತಿತ್ತಾ?"

"ಕೇಳುಸ್ತಿತ್ತು ಅತ್ಗೆ. ಅವತ್ತು ಬೆಂಕಿಪಟ್ಣ ಕೇಳ್ದೆ, ಅಷ್ಟ್ ದೂರದಿಂದ ಎಸ್ದ."

"ಹತ್ತಿ?"

"ಕುಲುಮೆ ಹಚ್ಚೋ ಹೊತ್ಗೇ ಕಿತ್ತು ಬಿಸಾಕಿದ್ದ. ನಾನೇ ಕಂಡೆ."

ಅವಳು ಅಳುತ್ತಾಳೆ ಎಂದುಕೊಂಡ. ಬೈಯುತ್ತಾಳೆ, ಮೊರ ಎತ್ತಿ ಎಸೆಯುತ್ತಾಳೆ ಎಂದುಕೊಂಡ. ಅದಕ್ಕೆ ಸಿದ್ಧನಾಗಿ, ಅದನ್ನು ಬಯಸಿ ನಿಂತಿದ್ದ. ಅವಳು ಮಾತ್ರ ಬಹಳ ನಿಧಾನವಾಗಿ, ಲೆಕ್ಕ ತಪ್ಪಬಾರದೆನ್ನುವ ಹಾಗೆ ಕೇಳಿದಳು: "ನಾನು ಇಂಗ್ ಅಂದ್ಕಂಡು ಸಾಯ್ತಾ ಇವ್ನಿ ಅಂತ ನಿಂಗ್ ಯಾವಾಗ್ಲಿಂದ ಗೊತ್ತು?"

"ಮೊದಲ್ನೇ ತಿಥಿಯಿಂದ."

"ಐದ್ ವರ್ಸ."

"ಹೂಂ."

ನಿಂಗಮ್ಮ ಎದ್ದಳು. ಎದ್ದ ರಭಸಕ್ಕೆ ಮೊರ ಮಗುಚಿ ಅಕ್ಕಿ ನೆಲದ ತುಂಬ ಚೆಲ್ಲಿತು. ಅವಳು ಅವನಿಗಿಂತ ಒಂದು ಗೇಣು ಕುಳ್ಳಿ. ಮುಖ ಮೇಲೆತ್ತಿ ಮಾತಾಡಿದಾಗ ಕತ್ತಿನ ನರಗಳು ಹುರಿಯಾಗಿದ್ದವು. "ಆ ಸೂಪರ್‌ವೈಸರ್ ಗೌಡ ಕೆಟ್ಟೋನು, ಇರ್ಲಿ. ಅವ್ನು ನಂಗೇನಾಗ್ಬೇಕು? ನೀನು ನನ್ ಕೈಯಲ್ಲಿ ಉಂಡೋನು. ನನ್ ಮಗ ಅಂದ್ಕಂಡು ಇಕ್ಕಿದೀನಿ. ನಾನು ಅಳಾದ್ ಕೇಳ್ಕಂಡು ಇನ್ನೊಂದ್ ತುತ್ತು ಸಾರು ಬುಡಿ ಅತ್ಗೆ ಅಂದಿದೀಯಲ್ಲೋ." ಅವನು ಕಾಲಿಗೆ ಬೀಳಲು ಬಾಗಿದ. "ಮುಟ್ಬೇಡ" ಎಂದಳು. "ಈಗ ನಂಗ್ ಯೋಳ್ಬುಟ್ಟೆ, ನಿಂಗ್ ಅಗುರ ಆಯ್ತು. ಅಷ್ಟಕ್ಕೆ ಆಯ್ತದಾ? ಕೈ ತೊಳ್ಕೊ. ನಾಗಮಂಗಲಕ್ಕೆ ನಡಿ."

"ಇವತ್ತೇನಾ?"

"ಇವತ್ತು ಭಾನುವಾರ. ಮಕ್ಳುನ್ನ ನೋಡಾಕ್ ಬುಡ್ತಾರೆ. ನಾನ್ ಯೋಳಿದ್ರೆ ಅವ್ಳು ನಂಬಲ್ಲ, ತಪ್ ಮುಚ್ಕತಾವ್ಳೆ ಅಂತಾಳೆ. ನೀನೇ ಯೋಳ್ಬೇಕು. ಒಂದೂ ಬುಡ್ದಂಗೆ."

ಜಕ್ಕನಹಳ್ಳಿ ಕಡೆಯಿಂದ ಹೋಗುವ ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದವು. ನಿಂಗಮ್ಮ ಮುಂದಿನ ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತು ಹಿಂದಕ್ಕೆ ಒಂದು ಸಲವೂ ತಿರುಗಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ಮೌನೇಶ ಅವಳ ಬೆನ್ನನ್ನೇ ನೋಡುತ್ತಿದ್ದ. ಬೆಳಿಗ್ಗೆಯಿಂದ ಅವನೊಳಗೆ ಕುದಿಯುತ್ತಿದ್ದ ಸಿಟ್ಟು ಈಗ ಇರಲಿಲ್ಲ, ಆ ಬೆನ್ನಿಗೆ ಹೋಗಿ ಸೇರಿತ್ತು. ಅದನ್ನು ತನ್ನದೆಂದು ಮರಳಿ ಕೇಳುವ ಹಕ್ಕು ತನಗಿಲ್ಲ ಅನಿಸಿತು. ಕೆಲಸ ಹೋಗುತ್ತದೆ, ನಾಳೆಯೇ ಹೋಗುತ್ತದೆ. ಆ ಯೋಚನೆ ಬಂದು ಹಾಗೇ ಹಾದುಹೋಯಿತು. ಒಂದು ಊರಿನಲ್ಲಿ ಬಸ್ಸು ನಿಂತಾಗ ಇಳಿದುಬಿಡಬಹುದು ಎನಿಸಿತು. ನಿಜಕ್ಕೂ ಎದ್ದು ಕಂಬಿ ಹಿಡಿದ. ಕಂಡಕ್ಟರು, "ನಾಗಮಂಗಲ ಅಲ್ವಾ ನೀವು?" ಎಂದ. ಮುಂದಿನ ಸೀಟಿನಲ್ಲಿ ಆ ಬೆನ್ನು ಇನ್ನಷ್ಟು ನೆಟ್ಟಗಾಯಿತು, ಆದರೆ ಆಗಲೂ ತಿರುಗಲಿಲ್ಲ. "ಹೌದು" ಎಂದು ಅವನು ಕೂತ.

ಹಾಸ್ಟೆಲಿನ ಗೇಟಿನ ಹತ್ತಿರ ಹೊಂಗೆಮರದ ಕೆಳಗೆ ತಂದೆತಾಯಂದಿರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಇವರ ಕೈಯಲ್ಲಿ ಏನೂ ಇರಲಿಲ್ಲ. ಹೆಸರು ಹೇಳಿ ಕಳಿಸಿದ ಮೇಲೆ ಸ್ಪಂದನ ಬಂದಳು, ಹದಿನಾಲ್ಕು ವರ್ಷದ ಉದ್ದನೆಯ ಹುಡುಗಿ, ಅಣ್ಣನದೇ ಗಲ್ಲ. ದೂರದಿಂದಲೇ "ಚಿಕ್ಕಪ್ಪಾ!" ಎಂದು ಮುಖವೆಲ್ಲ ಅರಳಿಸಿ ಓಡಿ ಬಂದು ಅವನ ಕೈ ಹಿಡಿದುಕೊಂಡಳು. ಅಮ್ಮ ಎರಡು ಹೆಜ್ಜೆ ಆಚೆ ನಿಂತಿದ್ದಳು. ಹುಡುಗಿಯ ಕಣ್ಣು ಅವಳನ್ನು ಸವರಿ, ಅಲ್ಲಿ ಯಾರೂ ಇಲ್ಲವೆಂಬಂತೆ, ಮತ್ತೆ ಚಿಕ್ಕಪ್ಪನ ಮುಖಕ್ಕೆ ಬಂತು. "ಏನ್ ಚಿಕ್ಕಪ್ಪ, ಯೋಳ್ದೆ ಕೇಳ್ದೆ ಬಂದ್ಬುಟ್ರಿ? ಏನ್ ತಂದ್ರಿ ನಂಗೆ?"

ತನ್ನ ಕೈಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳಬೇಕೆಂದು ಮೌನೇಶನಿಗೆ ಅನಿಸಿತು. ಹೇಳಿ ಮುಗಿಸುವ ಹೊತ್ತಿಗೆ ಅವಳೇ ಬಿಡುತ್ತಾಳೆ, ಆ ಹೊತ್ತಿನವರೆಗಾದರೂ ಇರಲಿ ಎಂದೂ ಅನಿಸಿತು. ಅವನು ನಿಂಗಮ್ಮನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಸೆರಗಿನ ತುದಿ ಅವಳ ಮುಷ್ಟಿಯಲ್ಲಿ ಹಿಂಡಿಹೋಗಿತ್ತು.

"ನಿಮ್ಮಪ್ಪಂಗೆ" ಎಂದ ಅವನು, "ಕಿವಿ ಚೆನ್ನಾಗಿ ಕೇಳುಸ್ತಿತ್ತು ಕಣಮ್ಮ."